ಪಾಠ ಹೇಳೋಕೆ ಸಿದ್ಧ, ಶಿಷ್ಯರೆಲ್ಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರುವುದೆಲ್ಲ ಮನೆಯಲ್ಲೇ ಸಂಗೀತ ಪಾಠ ಹೇಳುವವರ ಪತ್ರಗಳು. ಹಾಡುಗಾರಿಕೆ, ಪಿಟೀಲು, ಕೀಬೋರ್ಡ್, ಗಿಟಾರ್, ಕೊಳಲು ಎಂದು ವಿದ್ಯೆ ಬೇರೆ ಬೇರೆ ಇದ್ದರೂ ಅಳಲು ಒಂದೇ: ಕಲಿಸಲು ಬರುತ್ತದೆ, ಕಲಿಯುವವರು ಬರುತ್ತಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆ ಮುಂದೆ ಬೋರ್ಡ್ ಹಾಕಿದ್ದೇನೆ, ಸುತ್ತಮುತ್ತ ಪೋಸ್ಟರ್ ಅಂಟಿಸಿದ್ದೇನೆ. ‘ಶಾಸ್ತ್ರೀಯ, ಸುಗಮ, ಚಿತ್ರಗೀತೆ, ಕೀಬೋರ್ಡ್: ಎಲ್ಲ ವಯಸ್ಸಿನವರಿಗೂ ಕಲಿಸಲಾಗುವುದು’ ಎಂದು ಬರೆದಿದ್ದೇನೆ. ಮೂರು ತಿಂಗಳಲ್ಲಿ ಬಂದವರು ಇಬ್ಬರೇ. ತಪ್ಪು ಎಲ್ಲಿದೆ?
— ಗಾಯನ ಶಿಕ್ಷಕಿ

ಉತ್ತರ: ತಪ್ಪು ಆ ಸಾಲಿನಲ್ಲೇ ಇದೆ. ಎಲ್ಲರಿಗೂ ಎಲ್ಲವನ್ನೂ ಕಲಿಸುತ್ತೇನೆ ಎಂದರೆ ಓದಿದ ಯಾರಿಗೂ ‘ಇದು ನಮ್ಮ ಮಗುವಿಗೇ ಹೇಳಿದ್ದು’ ಅನ್ನಿಸುವುದಿಲ್ಲ. ಎಂಟು ವರ್ಷದ ಮಗಳಿಗೆ ಹಾಡು ಕಲಿಸಬೇಕೆಂದು ಹುಡುಕುತ್ತಿರುವ ತಾಯಿ ನಿಮ್ಮ ಪೋಸ್ಟರ್ ಮುಂದೆ ನಿಲ್ಲುವುದು ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಯಾರಿಗೆ, ಏನು, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ನಾಲ್ಕೂ ಕಣ್ಣಿಗೆ ಬೀಳಬೇಕು.

ಹೀಗೆ ಬರೆದು ನೋಡಿ: ‘6ರಿಂದ 10 ವರ್ಷದ ಮಕ್ಕಳಿಗೆ ಹಾಡುಗಾರಿಕೆ, ಮೊದಲ ಪಾಠದಿಂದ. ಮಂಗಳವಾರ ಮತ್ತು ಶುಕ್ರವಾರ ಸಂಜೆ 5ರಿಂದ 7. ನಾಲ್ಕು ಜಾಗ ಖಾಲಿ ಇದೆ.’ ಕೆಳಗೆ ಫೋನ್ ನಂಬರ್, ವಾಟ್ಸಾಪ್ ತೆರೆಯುವ ಕ್ಯೂಆರ್ ಕೋಡ್. ಮುಗಿಯಿತು. ದೊಡ್ಡವರಿಗೂ ಕಲಿಸುವಿರಾದರೆ ಅವರಿಗೆ ಬೇರೆ ಪೋಸ್ಟರ್. ನಿಮ್ಮ ಪದವಿ, ವಿದ್ವತ್ತು, ಗುರುಗಳ ಹೆಸರು ಒಂದೇ ಸಾಲಿನಲ್ಲಿ ಕೊನೆಗೆ ಬರಲಿ. ಅದನ್ನು ಓದಿ ತೂಗಬಲ್ಲವರು ಸಂಗೀತಗಾರರು, ಅವರು ಹೇಗೂ ನಿಮ್ಮ ವಿದ್ಯಾರ್ಥಿಗಳಲ್ಲ.

ಕ್ಯೂಆರ್ ಕೋಡ್‌ನ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ: ಕೈಯಲ್ಲಿ ಹಿಡಿಯುವ ಚೀಟಿಗೆ 3 ಸೆಂಟಿಮೀಟರ್ ಸಾಕು, ಒಂದು ಮೀಟರ್ ದೂರದ ಗೋಡೆಗಾದರೆ 10 ಸೆಂಟಿಮೀಟರ್ ಬೇಕು. ಸುತ್ತ ಬಿಳಿ ಜಾಗ ಬಿಡಿ. ಅಂಟಿಸುವ ಮೊದಲು ಎರಡು ಬೇರೆ ಫೋನ್‌ಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಪೋಸ್ಟರ್ ಹಾಕುವ ಜಾಗವೂ ಮುಖ್ಯ. ಜನ ಓಡಾಡುವ ಕಡೆಗಿಂತ ಜನ ಕಾಯುವ ಕಡೆ ಹಾಕಿ: ಮಕ್ಕಳ ವೈದ್ಯರ ಕ್ಲಿನಿಕ್, ನೃತ್ಯ ತರಗತಿಯ ಹೊರಗಿನ ಬೆಂಚು, ಗ್ರಂಥಾಲಯ, ಅಪಾರ್ಟ್‌ಮೆಂಟ್ ಲಿಫ್ಟ್ ಪಕ್ಕದ ಬೋರ್ಡ್. ಎಲ್ಲ ಕಡೆಯೂ ಕೇಳಿಯೇ ಅಂಟಿಸಿ. ಎರಡು ವಾರಕ್ಕೊಮ್ಮೆ ಹೋಗಿ ನೋಡಿ, ಮಾಸಿದ್ದರೆ ಬದಲಿಸಿ. ‘ನಾಲ್ಕು ಜಾಗ ಖಾಲಿ’ ಎಂಬ ಪೋಸ್ಟರ್ ಆರು ತಿಂಗಳಿಂದ ಅಲ್ಲೇ ಇದ್ದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಪ್ರಶ್ನೆ: ಫೋನ್, ಮೆಸೇಜ್ ಬರುತ್ತವೆ. ‘ಫೀಸ್ ಎಷ್ಟು?’ ಅಂತಾರೆ, ಹೇಳುತ್ತೇನೆ, ‘ಆಯ್ತು, ತಿಳಿಸ್ತೀವಿ’ ಅಂತಾರೆ. ಆಮೇಲೆ ಪತ್ತೆಯೇ ಇಲ್ಲ. ಫೀಸ್ ಜಾಸ್ತಿಯಾಯಿತೇ?
— ಕೀಬೋರ್ಡ್ ಶಿಕ್ಷಕ

ಉತ್ತರ: ಇರಲಿಕ್ಕಿಲ್ಲ. ಫೋನ್ ಮಾಡಿದವರಿಗೆ ಬೇರೇನು ಕೇಳಬೇಕೆಂದು ಗೊತ್ತಿರುವುದಿಲ್ಲ, ಅದಕ್ಕೇ ಫೀಸ್ ಕೇಳುತ್ತಾರೆ. ನೀವು ಸಂಖ್ಯೆಯೊಂದನ್ನೇ ಹೇಳಿ ಸುಮ್ಮನಾದರೆ ಅವರ ಕೈಯಲ್ಲಿ ಹೋಲಿಸಲು ಉಳಿಯುವುದೂ ಆ ಸಂಖ್ಯೆಯೊಂದೇ. ಹಾಗೆಂದು ‘ಬನ್ನಿ, ಮಾತಾಡೋಣ’ ಎಂದು ಮುಚ್ಚಿಡಬೇಡಿ, ಅದಕ್ಕೆ ಜನ ಇನ್ನೂ ಬೇಗ ಓಡಿಹೋಗುತ್ತಾರೆ. ಫೀಸ್ ಹೇಳಿ. ಜೊತೆಗೆ ಆ ದುಡ್ಡಿಗೆ ಏನೇನು ಸಿಗುತ್ತದೆ ಎಂದೂ ಹೇಳಿ, ಕೂಡಲೇ ನಿಮ್ಮ ಪ್ರಶ್ನೆ ಮುಂದಿಡಿ.

ಮೆಸೇಜ್‌ಗೆ ಇಂಥ ಉತ್ತರ ಬರೆದಿಟ್ಟುಕೊಳ್ಳಿ: ‘ನಮಸ್ಕಾರ. ತಿಂಗಳಿಗೆ ಇಷ್ಟು. ವಾರಕ್ಕೊಂದು ಪಾಠ, 30 ನಿಮಿಷ, ಒಬ್ಬರಿಗೇ. ಮನೆಯಲ್ಲಿ ಅಭ್ಯಾಸ ಮಾಡಲು ಪ್ರತಿ ವಾರ ಪಾಠದ ರೆಕಾರ್ಡಿಂಗ್ ಕಳಿಸುತ್ತೇನೆ. ಕಲಿಯುವವರು ಯಾರು, ವಯಸ್ಸೆಷ್ಟು? ಮನೆಯಲ್ಲಿ ಕೀಬೋರ್ಡ್ ಇದೆಯೇ?’ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಇದನ್ನು ಸಿದ್ಧ ಉತ್ತರವಾಗಿ ಉಳಿಸಿಕೊಳ್ಳಬಹುದು. ನೀವು ಪಾಠದಲ್ಲಿರುವಾಗ ‘ಸಂಜೆ 8ರ ನಂತರ ಕರೆ ಮಾಡುತ್ತೇನೆ’ ಎಂಬ ಉತ್ತರ ತಾನಾಗಿಯೇ ಹೋಗುವಂತೆಯೂ ಅದರಲ್ಲಿ ಹೊಂದಿಸಬಹುದು. ಹೇಳಿದ ಮೇಲೆ ಅವತ್ತೇ 8ಕ್ಕೆ ಕರೆ ಮಾಡಬೇಕು. ವಿಚಾರಿಸುವವರು ಒಂದೇ ಕೂತಲ್ಲಿ ಮೂವರು ಶಿಕ್ಷಕರಿಗೆ ಮೆಸೇಜ್ ಹಾಕಿರುತ್ತಾರೆ. ಮೊದಲು ಮಾತಿಗೆ ಸಿಕ್ಕವರ ಮನೆಗೆ ಮೊದಲು ಹೋಗುತ್ತಾರೆ.

ಫೋನ್‌ನಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ: ‘ಈಗ ಕಲಿಸಬೇಕು ಅಂತ ಅನ್ನಿಸಿದ್ದು ಯಾಕೆ?’ ಮಗು ಯಾವಾಗಲೂ ಗುನುಗುತ್ತಿರುತ್ತದೆ, ಶಾಲೆಯಲ್ಲಿ ಹಾಡಬೇಕಿದೆ, ಹಿಂದಿನ ಮೇಷ್ಟ್ರು ಊರು ಬಿಟ್ಟರು, ತಮಗೇ ಕಲಿಯಲು ಆಗಲಿಲ್ಲ. ಇದರಲ್ಲಿ ಯಾವುದೆಂದು ತಿಳಿದರೆ ಮುಂದಿನ ಮಾತು ಬೇರೆಯದೇ ಆಗುತ್ತದೆ. ಶಾಲೆಯ ಕಾರ್ಯಕ್ರಮಕ್ಕೆ ಮೂರು ವಾರ ಉಳಿದಿರುವ ಮಗುವಿಗೆ ‘ಮೊದಲ ವರ್ಷ ಬರೀ ಬುನಾದಿ’ ಎಂದರೆ ಅವರು ಮತ್ತೆ ಕರೆ ಮಾಡುವುದಿಲ್ಲ.

ಕೊನೆಯಲ್ಲಿ ‘ಯಾವಾಗ ಬರ್ತೀರಿ?’ ಎನ್ನಬೇಡಿ. ‘ಬುಧವಾರ 5 ಗಂಟೆ ಇದೆ, ಶನಿವಾರ ಬೆಳಗ್ಗೆ 10 ಇದೆ. ಯಾವುದು ಅನುಕೂಲ?’ ಎನ್ನಿ. ಉತ್ತರ ಬರದಿದ್ದರೆ ಎರಡು ದಿನ ಬಿಟ್ಟು ಒಂದು ಮೆಸೇಜ್, ವಾರದ ಮೇಲೆ ಇನ್ನೊಂದು. ಮೂರನೆಯದು ಬೇಡ, ಅದು ಕಿರಿಕಿರಿ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಿಚಾರಣೆಯನ್ನೂ ಬರೆದಿಡಿ: ತಾರೀಖು, ಹೆಸರು, ಕಲಿಯುವವರ ವಯಸ್ಸು, ಎಲ್ಲಿಂದ ತಿಳಿಯಿತು, ಬಂದು ನೋಡಿದರೇ, ಸೇರಿದರೇ. ಇಪ್ಪತ್ತು ಸಾಲು ತುಂಬುವ ಹೊತ್ತಿಗೆ ರೋಗ ಯಾವುದೆಂದು ನಿಮಗೇ ಕಾಣುತ್ತದೆ. ಫೋನೇ ಬರುತ್ತಿಲ್ಲವಾದರೆ ಪ್ರಚಾರ ಸಾಲದು. ಫೋನ್ ಬಂದೂ ಯಾರೂ ಮನೆಗೆ ಬರುತ್ತಿಲ್ಲವಾದರೆ ಮಾತಿನಲ್ಲಿ ತೊಂದರೆ. ಬಂದು ನೋಡಿಯೂ ಸೇರುತ್ತಿಲ್ಲವಾದರೆ ಮೊದಲ ಪಾಠವನ್ನೇ ತಿದ್ದಬೇಕು. ಇದನ್ನು ನೋಡದೆ ಫೀಸ್ ಇಳಿಸುವುದು ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ಪ್ರಶ್ನೆ: ಮೊದಲ ಪಾಠ ಉಚಿತವಾಗಿ ಕೊಡಬೇಕೇ? ಕೊಟ್ಟರೆ ಅದರಲ್ಲಿ ಏನು ಮಾಡಬೇಕು? ನಾನು ಸಾಮಾನ್ಯವಾಗಿ ಒಂದೆರಡು ಕೃತಿ ಹಾಡಿ ತೋರಿಸಿ, ಪಾಠದ ಕ್ರಮ ವಿವರಿಸುತ್ತೇನೆ. ತಂದೆ ತಾಯಿ ತಲೆದೂಗುತ್ತಾರೆ, ಆದರೆ ಸೇರುವವರು ಕಮ್ಮಿ.
— ಹಾಡುಗಾರಿಕೆ ಮತ್ತು ಕೀಬೋರ್ಡ್ ಕಲಿಸುವವರು

ಉತ್ತರ: ತಲೆದೂಗಿದ್ದು ನಿಮ್ಮ ಹಾಡಿಗೆ. ಅವರು ನೋಡಲು ಬಂದದ್ದು ಮಗುವಿಗೆ ಬರುತ್ತದೆಯೇ ಎಂಬುದನ್ನು. ಅದನ್ನು ನೀವು ತೋರಿಸಲೇ ಇಲ್ಲ.

30 ನಿಮಿಷದಲ್ಲಿ ಮಗು ಏನಾದರೂ ಒಂದನ್ನು ಮಾಡಿ, ಮನೆಗೆ ಹೋಗಿ ಅಜ್ಜಿಗೆ ತೋರಿಸುವಂತಾಗಬೇಕು. ನಿಮ್ಮ ಗಾಯನ ಒಂದು ನಿಮಿಷ ಸಾಕು, ಅದೂ ಮಗು ಕೇಳಿದರೆ.

ಬಂದ ಕೂಡಲೇ ಮಾತು ಮಗುವಿನ ಜೊತೆ. ಹೆಸರು, ಇಷ್ಟದ ಹಾಡು. ಅಮ್ಮ ಉತ್ತರಿಸಲು ಬಾಯಿ ತೆರೆದರೆ ನಗುತ್ತಲೇ ‘ಅವಳೇ ಹೇಳಲಿ’ ಅನ್ನಿ. ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ಮಗುವಿನ ಕಣ್ಣು ಆಗಲೇ ವಾದ್ಯದ ಮೇಲಿರುತ್ತದೆ.

ಹಾಡುಗಾರಿಕೆಯಾದರೆ ಮೊದಲ ಕೆಲಸ ಮಗುವಿನ ಶ್ರುತಿ, ಅಂದರೆ ಅದರ ಕಂಠಕ್ಕೆ ಒಗ್ಗುವ ಆಧಾರ ಸ್ವರ, ಹುಡುಕುವುದು. ನಿಮ್ಮ ಶ್ರುತಿಗೆ ಮಗುವನ್ನು ಎಳೆಯಬೇಡಿ. ಅದಕ್ಕೆ ಗೊತ್ತಿರುವ ಹಾಡಿನ ಒಂದು ಸಾಲು ಹಾಡಿಸಿ, ಅದು ತಾನಾಗಿ ಹಿಡಿದ ಸ್ವರವನ್ನು ಕೀಬೋರ್ಡ್‌ನಲ್ಲಿ ಗುರುತಿಸಿ, ಅಲ್ಲಿಂದ ಶುರು ಮಾಡಿ. ಕೆಳಗಿನ ಪಂಚಮವೂ (ಪ) ಮೇಲಿನ ಷಡ್ಜವೂ (ಸ) ಗಂಟಲು ಬಿಗಿಯದೆ ಬಂದರೆ ಆ ಶ್ರುತಿ ಸರಿ. ಗಂಡಸರು ಕಲಿಸುವಾಗ ಒಂದು ತೊಡಕಿದೆ: ನಿಮ್ಮ ಕಂಠ ಮಗುವಿನ ಕಂಠಕ್ಕಿಂತ ಒಂದು ಸ್ಥಾಯಿ ಕೆಳಗಿರುತ್ತದೆ, ಎಳೆಯ ಮಗು ಅದನ್ನು ಹಿಡಿಯಲಾಗದೆ ಕೆಳಗಿನ ಸ್ವರದಲ್ಲೇ ಗೊಣಗುತ್ತದೆ. ‘ಶ್ರುತಿಜ್ಞಾನ ಇಲ್ಲ’ ಎಂದು ಆಗಲೇ ತೀರ್ಪು ಕೊಟ್ಟುಬಿಡಬೇಡಿ. ಸ್ವರವನ್ನು ಮಗುವಿನ ಸ್ಥಾಯಿಯಲ್ಲೇ ವಾದ್ಯದ ಮೇಲೆ ನುಡಿಸಿ ಕೊಡಿ.

ಆಮೇಲೆ ಚಪ್ಪಾಳೆ ಆಟ. ನೀವು ನಾಲ್ಕು ಎಣಿಕೆಯ ಒಂದು ಲಯ ತಟ್ಟಿ, ಮಗು ತಿರುಗಿ ತಟ್ಟಲಿ. ನಾಲ್ಕು ಸಲ ನೀವು, ನಂತರ ನಾಲ್ಕು ಸಲ ಮಗು ಗುರು, ನೀವು ಶಿಷ್ಯರು. ಒಂದು ಸಲ ಬೇಕೆಂದೇ ತಪ್ಪು ತಟ್ಟಿ. ಮಗು ‘ತಪ್ಪು!’ ಎಂದು ಕೂಗಿದರೆ ಕಿವಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅದನ್ನು ಪೋಷಕರ ಎದುರೇ ಹೇಳಿ.

ಕೀಬೋರ್ಡ್ ಆದರೆ ಕೆಲಸ ಇನ್ನೂ ಸುಲಭ. ಮಗುವಿಗೆ ಕಪ್ಪು ಮನೆಗಳನ್ನು (ಕೀಗಳನ್ನು) ಮಾತ್ರ ತೋರಿಸಿ: ಎರಡರ ಗುಂಪು, ಮೂರರ ಗುಂಪು. ಎಲ್ಲ ಎರಡರ ಗುಂಪುಗಳನ್ನು ಎಡದಿಂದ ಬಲಕ್ಕೆ ಹುಡುಕಿ ಒತ್ತಲಿ. ಆಮೇಲೆ ‘ಕಪ್ಪು ಮನೆಗಳಲ್ಲಿ ಯಾವುದನ್ನು ಬೇಕಾದರೂ ಒತ್ತು’ ಎಂದು ಬಿಟ್ಟು, ಎಡತುದಿಯಲ್ಲಿ ನೀವು ಒಂದು ನಿಧಾನದ ಆಧಾರ ನುಡಿಸುತ್ತಿರಿ. ಮೂರರ ಗುಂಪಿನ ಮೊದಲ ಮನೆಯನ್ನು ಷಡ್ಜ ಎಂದು ಹಿಡಿದರೆ ಕಪ್ಪು ಮನೆಗಳೈದೂ ಸರಿಯಾಗಿ ಮೋಹನ ರಾಗದ ಸ ರಿ ಗ ಪ ದ ಆಗುತ್ತವೆ. ಹಾಗಾಗಿ ಮಗು ಏನು ಒತ್ತಿದರೂ ಅಪಸ್ವರ ಕೇಳುವುದೇ ಇಲ್ಲ. ಎರಡು ನಿಮಿಷ ನುಡಿಸಿದ್ದು ಪಕ್ಕದಲ್ಲಿ ಕುಳಿತವರಿಗೆ ಸಂಗೀತವಾಗಿಯೇ ಕೇಳುತ್ತದೆ. ಅಮ್ಮನಿಗೆ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಹೇಳಿ. ಆ ರೆಕಾರ್ಡಿಂಗ್ ಅವತ್ತು ರಾತ್ರಿಯೊಳಗೆ ಇಡೀ ಬಳಗದ ಗ್ರೂಪುಗಳನ್ನು ಸುತ್ತಿ ಬಂದಿರುತ್ತದೆ. ನಿಮ್ಮ ಯಾವ ಪೋಸ್ಟರೂ ಅಷ್ಟು ದೂರ ಹೋಗದು.

ಕೊನೆಯ ಐದಾರು ನಿಮಿಷ ದೊಡ್ಡವರಿಗೆ. ಅಲ್ಲಿ ಹೇಳಬೇಕಾದ್ದು ಮೂರು. ಮಗುವಿನಲ್ಲಿ ನೀವು ಕಂಡದ್ದು, ನಿರ್ದಿಷ್ಟವಾಗಿ: ‘ಲಯ ಚೆನ್ನಾಗಿದೆ, ಮೇಲಿನ ಸ್ವರಕ್ಕೆ ಹೋಗುವಾಗ ಕೂಗುತ್ತಾಳೆ, ಅದನ್ನು ಮೊದಲು ಸರಿಮಾಡೋಣ.’ ಮೂರು ತಿಂಗಳಲ್ಲಿ ಎಲ್ಲಿಗೆ ಬರಬಹುದು ಎಂಬುದು. ಮನೆಯಲ್ಲಿ ದಿನಕ್ಕೆ ಎಷ್ಟು ನಿಮಿಷ ಬೇಕು, ಪಕ್ಕದಲ್ಲಿ ಯಾರು ಕೂರಬೇಕು ಎಂಬುದು. ಜೊತೆಗೆ ಒಂದು ಪುಟದ ಕಾಗದ ಕೊಡಿ: ಪಾಠದ ದಿನ, ಫೀಸ್, ಯಾವ ತಾರೀಖಿನೊಳಗೆ ಕಟ್ಟಬೇಕು, ಪಾಠ ತಪ್ಪಿದರೆ ಏನು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ‘ಈ ಬುಧವಾರದ ಜಾಗವನ್ನು ಭಾನುವಾರ ಸಂಜೆಯವರೆಗೆ ನಿಮಗಾಗಿ ಇಟ್ಟಿರುತ್ತೇನೆ’ ಎಂದು ಹೇಳಿ ಕಳಿಸಿ. ಇಷ್ಟು ಹೇಳದೆ ‘ಯೋಚನೆ ಮಾಡಿ’ ಎಂದು ಕಳಿಸಿದರೆ ಯೋಚನೆ ಮಾಡುತ್ತಲೇ ಇರುತ್ತಾರೆ.

ಇಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಕೂರುವ ಭಂಗಿ, ಬೆರಳ ವಕ್ರತೆ, ಉಸಿರು ಎಂದು ಮೊದಲ ದಿನವೇ ತಿದ್ದುತ್ತಾ ಹೋಗುವುದು. ಒಂದನ್ನು ತಿದ್ದಿ, ಉಳಿದದ್ದನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಎರಡು, ಮಗು ಸೋತ ಕ್ಷಣದಲ್ಲಿ ಪಾಠ ಮುಗಿಸುವುದು. ಹೊಸದು ಬರದಿದ್ದರೆ ಹಿಂದೆ ಬಂದಿದ್ದಕ್ಕೆ ಮರಳಿ, ಅದನ್ನು ಒಮ್ಮೆ ಚೆನ್ನಾಗಿ ಮಾಡಿಸಿ ಎಬ್ಬಿಸಿ.

ಇನ್ನು ಉಚಿತವೋ ಅಲ್ಲವೋ. ಜಾಗ ಖಾಲಿ ಇರುವವರೆಗೆ ಉಚಿತವಾಗಿಯೇ ಕೊಡಿ, ನಷ್ಟವಾಗುವುದು ನಿಮ್ಮ ಅರ್ಧ ಗಂಟೆ. ವೇಳಾಪಟ್ಟಿ ಮುಕ್ಕಾಲು ತುಂಬಿದ ಮೇಲೆ ಒಂದು ಪಾಠದ ಫೀಸ್ ತೆಗೆದುಕೊಳ್ಳಿ, ಸೇರಿದರೆ ಮೊದಲ ತಿಂಗಳಲ್ಲಿ ಕಳೆಯಿರಿ. ಉಚಿತ ಪಾಠಕ್ಕೆ ‘ಬರ್ತೀವಿ’ ಎಂದು ಬಾರದೇ ಇರುವವರು ಹೆಚ್ಚು. ಸ್ವಲ್ಪವಾದರೂ ಕೊಟ್ಟವರು ಬರುತ್ತಾರೆ.

ಪ್ರಶ್ನೆ: ಶುರುವಿನಲ್ಲಿ ಎಲ್ಲರಿಗಿಂತ ಕಡಿಮೆ ಫೀಸ್ ಇಟ್ಟು ಆಮೇಲೆ ಏರಿಸಿದರೆ ಹೇಗೆ?

ಉತ್ತರ: ಏರಿಸಲಾಗುವುದಿಲ್ಲ. ಕಡಿಮೆ ಫೀಸ್ ನೋಡಿ ಬಂದವರು ಏರಿಸಿದ ದಿನ ಅದಕ್ಕಿಂತ ಕಡಿಮೆಯವರಲ್ಲಿಗೆ ಹೋಗುತ್ತಾರೆ. ದುಡ್ಡು ಹೊಂದಿಸಲಾಗದವರಿಗಾಗಿ ಬೇರೆ ಬಗೆಯ ಪಾಠ ಇಡಿ: ಒಂದೇ ವಯಸ್ಸಿನ, ಒಂದೇ ಹಂತದ ಮೂರು ನಾಲ್ಕು ಮಕ್ಕಳ ಗುಂಪು, 45 ನಿಮಿಷ, ತಲಾ ಫೀಸ್ ಅರ್ಧ. ನಾಲ್ವರಿದ್ದರೆ ನಿಮಗೆ ಎರಡು ಪಾಠದ ವರಮಾನ ಬರುತ್ತದೆ, ಅವರಿಗೆ ಹೊರೆ ಕಡಿಮೆ. ಹಾಡುಗಾರಿಕೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಿಟೀಲಿಗೆ ಮೊದಲ ಕೆಲವು ತಿಂಗಳು ಬೇಡ: ಒಬ್ಬರ ಕಮಾನು ತಿದ್ದುವಷ್ಟರಲ್ಲಿ ಉಳಿದ ಮೂವರ ಕೈ ತಪ್ಪು ದಾರಿ ಹಿಡಿದಿರುತ್ತದೆ.

ಪ್ರಶ್ನೆ: ಹೊಸಬರು ಬರುತ್ತಾರೆ, ಮೂರು ನಾಲ್ಕು ತಿಂಗಳಿಗೆ ಬಿಡುತ್ತಾರೆ. ಎಷ್ಟು ಹುಡುಕಿದರೂ ಸಂಖ್ಯೆ ಇಪ್ಪತ್ತು ದಾಟುವುದಿಲ್ಲ.
— ಪಿಟೀಲು ಶಿಕ್ಷಕ

ಉತ್ತರ: ತಳ ಒಡೆದ ಕೊಡಕ್ಕೆ ನೀರು ಸುರಿಯುತ್ತಿದ್ದೀರಿ. ಲೆಕ್ಕ ಹಾಕಿ: ಇಪ್ಪತ್ತರಲ್ಲಿ ತಿಂಗಳಿಗೆ ಇಬ್ಬರು ಬಿಟ್ಟರೆ, ಇದ್ದಲ್ಲೇ ಇರಲು ವರ್ಷಕ್ಕೆ 24 ಹೊಸಬರು ಬೇಕು. ವಿಚಾರಿಸಿದ ಮೂವರಲ್ಲಿ ಒಬ್ಬರು ಸೇರುತ್ತಾರೆ ಎಂದುಕೊಂಡರೂ 72 ಕರೆಗಳು ಬರಬೇಕಾಯಿತು. ಎರಡು ತಿಂಗಳಿಗೆ ಒಬ್ಬರು ಬಿಡುವಂತಾದರೆ 6 ಹೊಸಬರು, 18 ಕರೆ ಸಾಕು. ನಿಮಗೆ ಬೇಕಿರುವುದು ಜಾಹೀರಾತಲ್ಲ.

ಪಿಟೀಲು ಬಿಟ್ಟುಹೋಗುವ ಮಕ್ಕಳಲ್ಲಿ ಮೊದಲು ವಾದ್ಯದ ಅಳತೆ ನೋಡಿ. ‘ಬೆಳೆಯುವ ಮಗು, ದೊಡ್ಡದನ್ನೇ ತರೋಣ’ ಎಂದು ಪೋಷಕರು ಪೂರ್ಣ ಅಳತೆಯದನ್ನು ತಂದಿರುತ್ತಾರೆ. ವಾದ್ಯವನ್ನು ಗಲ್ಲದ ಕೆಳಗಿಟ್ಟು ಮಗು ಎಡಗೈ ಪೂರ್ತಿ ಚಾಚಿದಾಗ ತುದಿಯ ಸುರುಳಿ ಮಣಿಕಟ್ಟಿಗೂ ಅಂಗೈ ನಡುಭಾಗಕ್ಕೂ ಮಧ್ಯೆ ಎಲ್ಲಾದರೂ ಬರಬೇಕು. ಬೆರಳ ತುದಿಯನ್ನೂ ದಾಟಿದರೆ ವಾದ್ಯ ದೊಡ್ಡದು, ಕಿರುಬೆರಳು ಎಂದೂ ಸರಿಯಾದ ಜಾಗಕ್ಕೆ ಬೀಳದು. ಕಾಲು, ಅರೆ, ಮುಕ್ಕಾಲು ಅಳತೆಯ ಪಿಟೀಲುಗಳು ಸಿಗುತ್ತವೆ, ನೀವೇ ಒಂದೆರಡು ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೂ ಆದೀತು. ಕೊಳಲಿಗೂ ಇದೇ ಮಾತು: ಉದ್ದ ಕೊಳಲಿನ ರಂಧ್ರಗಳು ದೂರ ದೂರ ಇರುತ್ತವೆ, ಚಿಕ್ಕ ಬೆರಳು ಮುಚ್ಚದೆ ಗಾಳಿ ಸೋರುತ್ತದೆ, ಮಗು ತನಗೆ ಊದಲು ಬರುವುದಿಲ್ಲ ಎಂದುಕೊಳ್ಳುತ್ತದೆ. ಗಿಟಾರ್‌ನಲ್ಲಿ ಉಕ್ಕಿನ ತಂತಿ ಎಳೆ ಬೆರಳನ್ನು ಕೊಯ್ಯುತ್ತದೆ, ನೈಲಾನ್ ತಂತಿಯ ಚಿಕ್ಕ ಗಿಟಾರ್ ಮೇಲು.

ಎರಡನೆಯದು ಮನೆಯ ಅಭ್ಯಾಸ. ‘ಚೆನ್ನಾಗಿ ಪ್ರಾಕ್ಟೀಸ್ ಮಾಡು’ ಎಂದರೆ ಮಗುವಿಗೆ ಏನೂ ಹೇಳಿದಂತಾಗಲಿಲ್ಲ. ಪುಸ್ತಕದಲ್ಲಿ ಹೀಗೆ ಬರೆದುಕೊಡಿ: ‘ಖಾಲಿ ತಂತಿಯ ಮೇಲೆ ಪೂರ್ಣ ಕಮಾನು, ಒಂದೊಂದು ತಂತಿಗೆ 8 ಸಲ. ಎರಡನೇ ಸಾಲು ನಿಧಾನವಾಗಿ 4 ಸಲ. ಇಷ್ಟದ್ದು ಒಂದು ಸಲ.’ ಹತ್ತು ನಿಮಿಷದ ಕೆಲಸ. ಯಾವ ಹೊತ್ತಿಗೆ ಎಂಬುದನ್ನೂ ಮಗುವಿನ ಕೈಯಲ್ಲೇ ಬರೆಸಿ. ವಾದ್ಯ ಪೆಟ್ಟಿಗೆಯೊಳಗೆ ಮಂಚದ ಕೆಳಗಿದ್ದರೆ ಆ ಹತ್ತು ನಿಮಿಷವೂ ಆಗುವುದಿಲ್ಲ, ಕಣ್ಣಿಗೆ ಕಾಣುವ ಕಡೆ ಭದ್ರವಾಗಿ ಇಡಿಸಿ.

ಮೂರನೆಯದನ್ನು ಶಿಕ್ಷಕರು ಒಪ್ಪುವುದು ಕಷ್ಟ: ಫೀಸ್ ಕಟ್ಟುವವರಿಗೆ ಏನೂ ಕಾಣುವುದಿಲ್ಲ. ಶ್ರುತಿ ಸುಧಾರಿಸಿದ್ದು ನಿಮಗೆ ತಿಳಿಯುತ್ತದೆ, ಅಪ್ಪನಿಗೆ ಮೂರು ತಿಂಗಳಿಂದ ಒಂದೇ ಪಾಠ ಕೇಳುತ್ತಿದೆ. ಮೊದಲ ವಾರದ 30 ಸೆಕೆಂಡಿನ ರೆಕಾರ್ಡಿಂಗ್ ಇಟ್ಟುಕೊಂಡಿರಿ. ಎಂಟನೇ ವಾರ ಅದೇ ಪಾಠವನ್ನು ಮತ್ತೆ ರೆಕಾರ್ಡ್ ಮಾಡಿ ಎರಡನ್ನೂ ಒಟ್ಟಿಗೆ ಕಳಿಸಿ. ವಿವರಣೆ ಬೇಡ. ಮೂರನೇ ತಿಂಗಳಲ್ಲಿ ಬಿಡುವ ಯೋಚನೆಯಲ್ಲಿದ್ದವರು ಹಲವರು ಅಲ್ಲಿ ನಿಲ್ಲುತ್ತಾರೆ.

ಪ್ರಶ್ನೆ: ‘ನಿಮ್ಮ ಪರಿಚಯದವರಿಗೆ ಹೇಳಿ’ ಎಂದು ಪೋಷಕರನ್ನು ಕೇಳಲು ಸಂಕೋಚ. ಕೇಳದೆ ದಾರಿ ಇದೆಯೇ?

ಉತ್ತರ: ಇದೆ, ಮಕ್ಕಳ ಪುಟ್ಟ ಕಾರ್ಯಕ್ರಮ. ಸಭಾಂಗಣ ಬೇಡ, ಮನೆಯ ಹಾಲ್ ಅಥವಾ ಅಪಾರ್ಟ್‌ಮೆಂಟ್‌ನ ಸಭಾ ಕೊಠಡಿ ಸಾಕು. ಹನ್ನೆರಡು ಮಕ್ಕಳು, ತಲಾ 3 ನಿಮಿಷ, ಎದ್ದು ಕೂರಲು ಒಂದೊಂದು ನಿಮಿಷ: ಒಟ್ಟು 48 ನಿಮಿಷ. ಒಂದು ಗಂಟೆ ದಾಟಿಸಬೇಡಿ. ಪ್ರತಿ ಮನೆಗೂ ಹೆಚ್ಚುವರಿಯಾಗಿ ಎರಡು ಆಹ್ವಾನ ಕೊಟ್ಟು, ‘ಸಂಗೀತ ಇಷ್ಟವಿರುವ ಸ್ನೇಹಿತರ ಮಕ್ಕಳನ್ನು ಕರೆತನ್ನಿ’ ಎನ್ನಿ. ಕೇಳಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ.

ಮಕ್ಕಳು ನುಡಿಸುವುದು ಕನಿಷ್ಠ ಮೂರು ವಾರದ ಹಿಂದೆಯೇ ಗಟ್ಟಿಯಾದದ್ದಾಗಿರಲಿ. ಹೊಸದಾಗಿ ಕಲಿತ ಕಷ್ಟದ್ದನ್ನು ಪ್ರದರ್ಶಿಸಲು ಹೋದರೆ ಮಗು ನಡುವೆ ನಿಲ್ಲುತ್ತದೆ, ನೋಡಲು ಬಂದವರ ಮಕ್ಕಳು ಹೆದರುತ್ತಾರೆ. ಹೊಸ ಮಗುವಿನಿಂದ ಶುರು ಮಾಡಿ, ಹಿರಿಯರು ಕೊನೆಗೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಆ ಮೊದಲ ಪುಟ್ಟ ಮಗು: ‘ಇವಳು ಎರಡೇ ತಿಂಗಳಿಂದ ಕಲಿಯುತ್ತಿರುವುದು’ ಎಂದಾಗ ಹಿಂದಿನ ಸಾಲಿನ ಅಪ್ಪಂದಿರು ನೆಟ್ಟಗೆ ಕೂರುತ್ತಾರೆ. ನಿಮ್ಮ ಭಾಷಣ ಒಂದು ನಿಮಿಷ. ಬಾಗಿಲ ಬಳಿ ಮೇಜಿನ ಮೇಲೆ ಖಾಲಿ ಇರುವ ದಿನ, ಹೊತ್ತು ಬರೆದ ಚೀಟಿಗಳಿರಲಿ.

ಬಾಯಿಬಿಟ್ಟು ಕೇಳುವುದಾದರೆ ಪೋಷಕರು ತಾವಾಗಿ ಸಂತೋಷ ಹೇಳಿಕೊಂಡ ಕ್ಷಣದಲ್ಲಿ ಕೇಳಿ: ‘ತುಂಬಾ ಖುಷಿ. ಮಂಗಳವಾರ ಒಂದು ಜಾಗ ಖಾಲಿಯಾಗಿದೆ, ಅವಳ ಗೆಳತಿಯರಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಹೇಳಿ.’ ಕರೆತಂದವರಿಗೆ ಒಂದು ಪಾಠ ಉಚಿತ ಕೊಡಬಹುದು. ಪ್ರತಿ ತಿಂಗಳೂ ರಿಯಾಯಿತಿ ಮಾತ್ರ ಬೇಡ, ಅದು ಯಾವಾಗ ಮುಗಿಯುತ್ತದೆ ಎಂದು ಹೇಳುವ ದಿನ ಮನಸ್ತಾಪ ಬರುತ್ತದೆ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಏನು ಮಾಡಿದರೆ ಸಾರ್ಥಕ? ದಿನಾ ವಿಡಿಯೊ ಹಾಕಿ ಸುಸ್ತಾಗಿದ್ದೇನೆ.
— ಗಿಟಾರ್ ಶಿಕ್ಷಕ

ಉತ್ತರ: ವಿಡಿಯೊ ನೋಡಿ ಮೆಚ್ಚುವವರು ಎಲ್ಲೆಲ್ಲಿಯೋ ಇರುತ್ತಾರೆ, ಪಾಠಕ್ಕೆ ಬರುವವರು ಹತ್ತಿರದವರು. ಮೊದಲು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಹೆಸರು ಬರುವಂತೆ ಬಿಸಿನೆಸ್ ಪ್ರೊಫೈಲ್ ಮಾಡಿ. ನೀವು ವಿದ್ಯಾರ್ಥಿಗಳ ಮನೆಗೇ ಹೋಗಿ ಕಲಿಸುವವರಾದರೆ ವಿಳಾಸವನ್ನು ಮರೆಮಾಡಿ, ಯಾವ ಪ್ರದೇಶದಲ್ಲಿ ಕಲಿಸುತ್ತೀರಿ ಎಂಬುದನ್ನಷ್ಟೇ ತೋರಿಸಬಹುದು. ‘ಗಿಟಾರ್ ಶಿಕ್ಷಕ’ ಎಂಬಂಥ ಸರಿಯಾದ ವಿಭಾಗ ಆಯ್ದುಕೊಳ್ಳಿ, ಸಮಯ ತುಂಬಿ, ಪಾಠದ ಕೋಣೆಯ ಬೆಳಕಿರುವ ನಾಲ್ಕು ಫೋಟೊ ಹಾಕಿ. ಮಕ್ಕಳ ಮುಖ ಕಾಣುವ ಫೋಟೊವನ್ನು ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬೇಡಿ. ಬೆರಳು, ವಾದ್ಯ, ಬೆನ್ನು ಕಾಣುವಂತೆ ತೆಗೆದರೂ ಸಾಕು.

ವರ್ಷದಿಂದ ಕಲಿಯುತ್ತಿರುವವರಿಂದ ಅಭಿಪ್ರಾಯ ಬರೆಸಿ, ಲಿಂಕ್ ನೀವೇ ಕಳಿಸಿ. ಅದಕ್ಕೆ ಬದಲಾಗಿ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ‘ಸೂಪರ್ ಟೀಚರ್’ ಎನ್ನುವುದಕ್ಕಿಂತ ‘ನಾಚಿಕೆ ಸ್ವಭಾವದ ಮಗ ಈಗ ಮನೆಗೆ ಬಂದವರ ಮುಂದೆ ನುಡಿಸುತ್ತಾನೆ’ ಎಂಬ ಸಾಲಿಗೆ ಬೆಲೆ ಹೆಚ್ಚು. ಹಾಗಾಗಿ ‘ಏನು ಬದಲಾಯಿತು ಅಂತ ಬರೆಯಿರಿ’ ಎಂದು ಕೇಳಿ.

ವಿಡಿಯೊ ವಾರಕ್ಕೊಂದು ಸಾಕು. ಒಂದು ನಿಮಿಷದೊಳಗೆ ಒಂದೇ ತೊಂದರೆ ಬಿಡಿಸಿ: ತಂತಿ ಯಾಕೆ ಬುರ್ರೆನ್ನುತ್ತದೆ, ಬೆರಳನ್ನು ಫ್ರೆಟ್‌ನ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ) ಹಿಂದೆ ಎಷ್ಟು ಹತ್ತಿರ ಇಡಬೇಕು, ಅಷ್ಟೇ. ನಿಮ್ಮ ಅತಿವೇಗದ ನುಡಿಸಾಣಿಕೆ ಹಾಕಿದರೆ ಮೆಚ್ಚುವವರು ಬೇರೆ ಗಿಟಾರ್ ವಾದಕರು.

ಆನ್‌ಲೈನ್ ಪಾಠ ಶುರು ಮಾಡುವವರಿಗೆ ಎರಡು ಎಚ್ಚರಿಕೆ. ಝೂಮ್‌ನಂಥ ಆ್ಯಪ್‌ಗಳು ಮಾತಿಗೆಂದು ಮಾಡಿದವು; ಎಳೆದು ನಿಲ್ಲಿಸಿದ ಸ್ವರ, ತಂಬೂರಿಯ ನಾದ ಇವನ್ನೆಲ್ಲ ಫ್ಯಾನಿನ ಸದ್ದೆಂದು ಭಾವಿಸಿ ಅಡಗಿಸುತ್ತವೆ. ಝೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗಾಗಿಯೇ ಇರುವ ಮೂಲ ಧ್ವನಿಯ ಆಯ್ಕೆಯನ್ನು ಎರಡೂ ಕಡೆ ಒತ್ತಬೇಕು. ಇನ್ನೊಂದು, ಧ್ವನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗದು. ನೀವು ಒಮ್ಮೆ, ಅವರು ಒಮ್ಮೆ. ತಾಳ ಅವರ ಕಡೆಯೇ ಇರಬೇಕು, ನೀವು ಇಲ್ಲಿ ತಟ್ಟಿದ್ದು ಅಲ್ಲಿ ಜಾರಿಯೇ ಬರುತ್ತದೆ. ಪ್ರಚಾರದಲ್ಲಿ ಇದನ್ನು ಮುಚ್ಚಿಟ್ಟರೆ ಎರಡನೇ ಪಾಠಕ್ಕೇ ಬಿಟ್ಟುಹೋಗುತ್ತಾರೆ.

ಪ್ರಶ್ನೆ: ವಿದ್ಯಾರ್ಥಿಗಳ ಮನೆಗೇ ಹೋಗಿ ಕಲಿಸಿದರೆ ಹೆಚ್ಚು ಜನ ಸಿಗುತ್ತಾರಲ್ಲವೇ?

ಉತ್ತರ: ಸಿಗುತ್ತಾರೆ. ಆದರೆ 45 ನಿಮಿಷದ ಪಾಠಕ್ಕೆ ಹೋಗಲು 25, ಬರಲು 25 ಸೇರಿದರೆ 95 ನಿಮಿಷ. ಅಷ್ಟರಲ್ಲಿ ನಿಮ್ಮ ಮನೆಯಲ್ಲಿ ನಡುವೆ ಐದು ನಿಮಿಷ ಬಿಟ್ಟು ಎರಡು ಪಾಠ ಆಗುತ್ತಿತ್ತು. ಫೀಸ್ ದುಪ್ಪಟ್ಟು ಕೇಳಲಾಗದಿದ್ದರೆ ಒಂದೇ ಕಟ್ಟಡದಲ್ಲಿ ಸಾಲಾಗಿ ಮೂವರು ಸಿಕ್ಕ ಕಡೆ ಮಾತ್ರ ಹೋಗಿ. ಮೊದಲನೆಯವರಿಗೇ ಹೇಳಿ: ‘ಇನ್ನಿಬ್ಬರು ಸೇರಿದರೆ ಶನಿವಾರ ನಿಮ್ಮಲ್ಲಿಗೇ ಬರುತ್ತೇನೆ.’ ಆ ಇನ್ನಿಬ್ಬರನ್ನು ಅವರೇ ಹುಡುಕುತ್ತಾರೆ. ಮಗುವಿಗೆ ಪಾಠ ನಡೆಯುವಾಗ ಮನೆಯಲ್ಲಿ ದೊಡ್ಡವರೊಬ್ಬರು ಇರಬೇಕು, ಬಾಗಿಲು ತೆರೆದಿರಬೇಕು. ಇದು ನಿಮ್ಮ ಮನೆಗೂ ಅನ್ವಯಿಸುತ್ತದೆ.

ಪ್ರಶ್ನೆ: ಸಂಜೆ ತುಂಬಿದೆ, ಬೆಳಗ್ಗೆ ಮತ್ತು ಮಧ್ಯಾಹ್ನ ಖಾಲಿ.

ಉತ್ತರ: ಆ ಹೊತ್ತಿಗೆ ಬರಬಲ್ಲವರು ನಿವೃತ್ತರು, ಪಾಳಿಯಲ್ಲಿ ದುಡಿಯುವವರು, ಮಕ್ಕಳನ್ನು ಶಾಲೆಗೆ ಕಳಿಸಿ ಬಿಡುವಾಗುವವರು. ಅವರಿಗೆ ಮಕ್ಕಳ ಪಾಠಕ್ರಮ ಕೊಡಬೇಡಿ. ‘ಈ ಒಂದು ಹಾಡು ಹಾಡಬೇಕು’ ಎಂದು ಬಂದವರಿಗೆ ಆ ಹಾಡಿನಿಂದಲೇ ಶುರು ಮಾಡಿ, ಅದಕ್ಕೆ ಬೇಕಾದ ಸ್ವರಾಭ್ಯಾಸವನ್ನು ಅದರೊಳಗೇ ಸೇರಿಸಿ. ಅವರ ಪೋಸ್ಟರಿನಲ್ಲಿ ಬೇಕಾದ ಸಾಲು ಇದೊಂದೇ: ‘ಹಿಂದೆ ಕಲಿತಿರಬೇಕಿಲ್ಲ.’ ತಡವಾಯಿತೇನೋ ಎಂಬ ಹಿಂಜರಿಕೆಯೇ ಅವರನ್ನು ಬಾಗಿಲಲ್ಲಿ ತಡೆದಿರುವುದು.

ಪ್ರಶ್ನೆ: ಬೇರೆ ಶಿಕ್ಷಕರ ಬಳಿ ಕಲಿಯುತ್ತಿರುವ ಮಗುವನ್ನು ನನ್ನ ಬಳಿ ಸೇರಿಸುತ್ತೇವೆ ಎನ್ನುತ್ತಿದ್ದಾರೆ. ಸೇರಿಸಿಕೊಳ್ಳಲೇ?

ಉತ್ತರ: ಅಲ್ಲಿ ಹೇಳಿ, ಲೆಕ್ಕ ಮುಗಿಸಿ ಬಂದರೆ ಸೇರಿಸಿಕೊಳ್ಳಿ. ಮೊದಲ ದಿನ ಹಿಂದಿನವರ ಪಾಠವನ್ನು ಹಳಿಯಬೇಡಿ. ನೀವು ಆಡಿದ್ದನ್ನು ಮಗು ಹೋಗಿ ಚಾಚೂ ತಪ್ಪದೆ ಒಪ್ಪಿಸುತ್ತದೆ.

ಪ್ರಶ್ನೆ: ಎಷ್ಟು ಜನರಾದ ಮೇಲೆ ಹುಡುಕುವುದನ್ನು ನಿಲ್ಲಿಸಬಹುದು?

ಉತ್ತರ: ನಿಮ್ಮ ಸಂಜೆ 4ರಿಂದ 8 ಎಂದಿಟ್ಟುಕೊಳ್ಳಿ. 30 ನಿಮಿಷದ ಪಾಠ, ನಡುವೆ 5 ನಿಮಿಷ ಬಿಡುವು ಎಂದರೆ 7 ಪಾಠ ಹಿಡಿಯುತ್ತದೆ. ತಪ್ಪಿದ ಪಾಠಗಳಿಗೆಂದು ಒಂದನ್ನು ಖಾಲಿ ಬಿಟ್ಟರೆ ದಿನಕ್ಕೆ 6, ವಾರದ ಐದು ದಿನಕ್ಕೆ 30. ಅಲ್ಲಿಗೆ ತುಂಬಿತು. ಆ ಖಾಲಿ ಜಾಗವನ್ನೂ ಆಸೆಗೆ ಬಿದ್ದು ತುಂಬಿದರೆ, ಜ್ವರ ಬಂದ ಮಗುವಿನ ಪಾಠವನ್ನು ಭಾನುವಾರ ಹೇಳಬೇಕಾಗುತ್ತದೆ.

ತುಂಬಿದ ಮೇಲೂ ಫೋನ್ ಬಂದರೆ ‘ಜಾಗ ಇಲ್ಲ’ ಎಂದು ಇಟ್ಟುಬಿಡಬೇಡಿ. ಹೆಸರು, ವಯಸ್ಸು, ಆಗುವ ದಿನ ಬರೆದುಕೊಂಡು, ಶಾಲೆ ಬದಲಾಗಿ ವೇಳೆ ಅದಲುಬದಲಾಗುವ ತಿಂಗಳು ಯಾವುದೋ ಅದನ್ನು ಹೇಳಿ ‘ಆಗ ಕರೆ ಮಾಡುತ್ತೇನೆ’ ಎನ್ನಿ. ಕಾಯಲಾಗದವರಿಗೆ ನೀವು ನಂಬುವ ಇನ್ನೊಬ್ಬ ಶಿಕ್ಷಕರ ನಂಬರ್ ಕೊಡಿ, ಕೊಟ್ಟಿದ್ದನ್ನು ಆ ಶಿಕ್ಷಕರಿಗೂ ತಿಳಿಸಿ. ಅವರಲ್ಲಿ ಜಾಗ ತುಂಬಿದ ದಿನ ಅವರೂ ನಿಮ್ಮ ನಂಬರ್ ಕೊಡುತ್ತಾರೆ.